ಬೀಗ ಹಾಕಿದ ಬೀರು: ಶಾಲೆಯ ಪ್ರಯೋಗ ಸಾಮಾನುಗಳು ಬಂದ ದಾರಿ

ಫೆಬ್ರವರಿ 28 ಬಂತೆಂದರೆ ನಮ್ಮಂಥ ಜಿಲ್ಲಾ ವರದಿಗಾರರಿಗೆ ಒಂದು ಸುದ್ದಿ ಖಾಯಂ. ರಾಷ್ಟ್ರೀಯ ವಿಜ್ಞಾನ ದಿನ. ಥರ್ಮೊಕೋಲಿನ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮಾದರಿ, ಅತಿಥಿಗಳು ಟೇಪು ಕತ್ತರಿಸುವ ಫೋಟೊ, 150 ಪದ. ಹನ್ನೊಂದಕ್ಕೆ ಹೋದರೆ ಹನ್ನೆರಡಕ್ಕೆ ಮುಗಿಯುವ ಕೆಲಸ.

ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ಕಾರ್ಯಕ್ರಮಕ್ಕೆ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಅತಿಥಿಗಳು ಬರುವುದು ತಡವಾಯಿತು. ಶಿಕ್ಷಕರ ಕೊಠಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ಮೂಲೆಯಲ್ಲಿದ್ದ ಗಾಜಿನ ಬಾಗಿಲಿನ ಬೀರು ಕಣ್ಣಿಗೆ ಬಿತ್ತು. ಒಳಗೆ ಪ್ರನಾಳಗಳು, ಬೀಕರುಗಳು, ಶಂಕುವಿನಾಕಾರದ ಫ್ಲಾಸ್ಕು, ಸ್ಪಿರಿಟ್ ದೀಪ, ಒಂದು ಸೂಕ್ಷ್ಮದರ್ಶಕ, ಬಣ್ಣದ ಗುಂಡುಗಳನ್ನು ಕಡ್ಡಿಗೆ ಸಿಕ್ಕಿಸಿದ ಅಣುವಿನ ಮಾದರಿ, ಗ್ಲೋಬು. ಪ್ರತಿಯೊಂದರ ಮೇಲೂ ಬಿಳಿ ಪೇಂಟಿನಲ್ಲಿ ಬರೆದ ನಂಬರು. ಬಾಗಿಲಿಗೆ ಬೀಗ.

ವಿಜ್ಞಾನದ ಮೇಷ್ಟ್ರು ನನ್ನ ಕಣ್ಣು ಹೋದ ಕಡೆ ನೋಡಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು: "ನಾನು ಚಾರ್ಜ್ ತಗೊಂಡು ಮೂರು ವರ್ಷ ಆಯ್ತು ಸಾರ್. ಅವತ್ತು ಎಣಿಸಿದ್ದೆ, ಅಷ್ಟೂ ಹಂಗೇ ಇದಾವೆ. ಒಂದೂ ಒಡೆದಿಲ್ಲ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ಸ್ಟಾಕ್ ಬುಕ್ಕಿನಲ್ಲಿ ಪ್ರನಾಳ 24 ಎಂದಿದ್ದರೆ ಬೀರುವಿನಲ್ಲೂ 24 ಇರಬೇಕು. ನಾಳೆ ವರ್ಗವಾದರೆ ಮುಂದಿನವರಿಗೆ ಎಣಿಸಿ ಕೊಡಬೇಕು. ಕಡಿಮೆಯಾದರೆ ವಿವರಣೆ ಬರೆಯಬೇಕು, ಇಲ್ಲವೇ ಕೈಯಿಂದ ತುಂಬಬೇಕು. ನಮ್ಮ ಕಾಲದಲ್ಲೂ ಹೀಗೇ ಇತ್ತು. ಹತ್ತನೇ ತರಗತಿ ಮುಗಿಸುವವರೆಗೆ ನಾನು ಪ್ರನಾಳವನ್ನು ನೋಡಿದ್ದೆ, ಅದರ ಚಿತ್ರವನ್ನು ಪೆನ್ಸಿಲ್ಲಿನಲ್ಲಿ ಬರೆದು ಭಾಗಗಳನ್ನು ಗುರುತಿಸಿದ್ದೆ. ಕೈಯಲ್ಲಿ ಹಿಡಿದಿರಲಿಲ್ಲ.

ಅವತ್ತಿನ 150 ಪದ ಬರೆದು ಕಳಿಸಿದೆ. "ಒಂದೂ ಒಡೆದಿಲ್ಲ" ಎಂಬ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಆಮೇಲೆ ಸಮಯ ಸಿಕ್ಕಾಗಲೆಲ್ಲ ಆ ಬೀರುವಿನ ಒಂದೊಂದು ಸಾಮಾನಿನ ಚರಿತ್ರೆ ಓದುತ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಆ ಬೀರುವಿನಲ್ಲಿದ್ದ ಬಹುತೇಕ ಎಲ್ಲ ವಸ್ತುಗಳೂ ಅಗ್ಗವಾಗಿರಲಿ, ಕೈಗೆ ಸುಲಭವಾಗಿರಲಿ, ಹೋದರೆ ಇನ್ನೊಂದು ತರುವಂತಿರಲಿ ಎಂದೇ ಹುಟ್ಟಿದವು.

ಮೇಲಿನ ಹಲಗೆ: ಗಾಜು

ಪ್ರನಾಳದಿಂದ ಶುರು ಮಾಡೋಣ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರಸಾಯನ ಶಾಸ್ತ್ರಜ್ಞರು ದ್ರಾವಣಗಳನ್ನು ಬೆರೆಸಿ ನೋಡಲು ದ್ರಾಕ್ಷಾರಸದ ಲೋಟದಂಥ ಗಾಜಿನ ಪಾತ್ರೆಗಳನ್ನು ಬಳಸುತ್ತಿದ್ದರು. ಅವು ದೊಡ್ಡವು, ದುಬಾರಿ, ಬಿಸಿ ತಾಗಿದರೆ ಸೀಳುತ್ತಿದ್ದವು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದ ಮೈಕೇಲ್ ಫ್ಯಾರಡೆ 1827ರಲ್ಲಿ ಪ್ರಯೋಗ ಮಾಡುವ ಕೈಕೆಲಸದ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು. ಗಾಜಿನ ಕೊಳವೆಯನ್ನು ಹೇಗೆ ಕತ್ತರಿಸಬೇಕು, ಹೇಗೆ ಕಾಯಿಸಿ ಬಗ್ಗಿಸಬೇಕು, ಒಂದು ತುದಿಯನ್ನು ಹೇಗೆ ಮುಚ್ಚಬೇಕು ಎಂಬುದೆಲ್ಲ ಅದರಲ್ಲಿದೆ. ಸಣ್ಣ ಪ್ರಮಾಣದ ಪರೀಕ್ಷೆಗಳಿಗೆ ಒಂದು ತುದಿ ಮುಚ್ಚಿದ ಕೊಳವೆಗಳೇ ಸಾಕು ಎಂದು ಅವರು ಹೇಳಿದರು. ಸ್ವೀಡನ್ನಿನ ಬರ್ಜೀಲಿಯಸ್ ಕೂಡ ಅದೇ ಕಾಲದಲ್ಲಿ ಇಂಥ ಕೊಳವೆಗಳನ್ನು ಬಳಕೆಗೆ ತಂದವರೆಂದು ಹೆಸರಿಸುತ್ತಾರೆ.

ಫ್ಯಾರಡೆ ಕಮ್ಮಾರನ ಮಗ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತವರು. ಕೈಯಿಂದ ಕೆಲಸ ಮಾಡಿ ಗೊತ್ತಿದ್ದವರು ಬರೆದ ಪುಸ್ತಕ ಅದು ಎಂಬುದು ಅದರ ವಿಷಯಸೂಚಿ ನೋಡಿದರೇ ತಿಳಿಯುತ್ತದೆ. ಇನ್ನೊಂದು ಸಂಗತಿ. ನಮ್ಮ ಜಾತ್ರೆಗಳಲ್ಲಿ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ ರಬ್ಬರ್ ಬಲೂನು ಮೊದಲು ಹುಟ್ಟಿದ್ದು ಪ್ರಯೋಗಾಲಯದಲ್ಲಿ. 1824ರಲ್ಲಿ ಫ್ಯಾರಡೆ ಹೈಡ್ರೋಜನ್ ಅನಿಲ ಹಿಡಿದಿಡಲು ರಬ್ಬರಿನ ಎರಡು ಹಾಳೆ ಕತ್ತರಿಸಿ, ಒಳಭಾಗ ಒಂದಕ್ಕೊಂದು ಅಂಟದಿರಲೆಂದು ಹಿಟ್ಟು ಸವರಿ, ಅಂಚುಗಳನ್ನು ಒತ್ತಿ ಅಂಟಿಸಿ ಅದನ್ನು ಮಾಡಿದರು. ಪ್ರಯೋಗದ ಸಾಮಾನು ಆಟದ ಸಾಮಾನಾಯಿತು. ನಮ್ಮ ಶಾಲೆಗಳಲ್ಲಿ ಇದರ ಉಲ್ಟಾ ನಡೆಯುವುದಿಲ್ಲ ಎಂಬುದೇ ಬೇಸರ.

ಆದರೆ ಪ್ರನಾಳ ಇದ್ದ ಮಾತ್ರಕ್ಕೆ ವಿದ್ಯಾರ್ಥಿಯ ಕೈಗೆ ಸಿಗಲಿಲ್ಲ. ಆಗಿನ ಯುರೋಪಿನ ಬಹುತೇಕ ಕಡೆ ಪ್ರೊಫೆಸರು ಮುಂದೆ ನಿಂತು ಮಾಡುವುದು, ಹುಡುಗರು ಬೆಂಚಿನ ಮೇಲೆ ಕೂತು ನೋಡುವುದು, ಇಷ್ಟೇ ರಸಾಯನಶಾಸ್ತ್ರದ ಪಾಠ. ಈ ಪದ್ಧತಿ ಬದಲಾದದ್ದು ಜರ್ಮನಿಯ ಗೀಸೆನ್ ಎಂಬ ಸಣ್ಣ ಊರಿನಲ್ಲಿ. 1824ರಲ್ಲಿ ಅಲ್ಲಿಗೆ ಪ್ರೊಫೆಸರಾಗಿ ಬಂದ ಯೂಸ್ಟಸ್ ಲೀಬಿಗ್‌ಗೆ ಆಗ ವಯಸ್ಸು 21. ಸಿಕ್ಕ ಜಾಗ ಹಳೆಯ ಸೈನಿಕ ಬ್ಯಾರಕ್ಕಿನ ಕಾವಲು ಕೋಣೆ. ಅಲ್ಲೇ ಅವರು ವಿದ್ಯಾರ್ಥಿಗಳ ಕೈಗೆ ಸಾಮಾನು ಕೊಟ್ಟು ಪ್ರಯೋಗ ಮಾಡಿಸತೊಡಗಿದರು. 1831ರಲ್ಲಿ ಲೀಬಿಗ್ ಐದು ಗಾಜಿನ ಗುಂಡುಗಳನ್ನು ತ್ರಿಕೋನವಾಗಿ ಜೋಡಿಸಿದ ಒಂದು ಉಪಕರಣ ಮಾಡಿದರು. ಒಂದು ವಸ್ತುವಿನಲ್ಲಿ ಎಷ್ಟು ಇಂಗಾಲವಿದೆ ಎಂಬುದನ್ನು ಅದು ತೂಗಿ ತೋರಿಸುತ್ತಿತ್ತು. ಮೊದಲು ಪಳಗಿದ ಕೈಯವರಷ್ಟೇ ಮಾಡುತ್ತಿದ್ದ ವಿಶ್ಲೇಷಣೆಯನ್ನು ಕಲಿಯುವ ಹುಡುಗರೂ ಮಾಡುವಂತಾಯಿತು. ದೂರದ ದೇಶಗಳಿಂದ ಹುಡುಗರು ಆ ಕಾವಲು ಕೋಣೆ ಹುಡುಕಿಕೊಂಡು ಬಂದರು. ಇವತ್ತು ಜಗತ್ತಿನ ಯಾವ ಕಾಲೇಜಿನಲ್ಲೇ ಪ್ರಾಕ್ಟಿಕಲ್ ಎಂಬ ಪಿರಿಯಡ್ ಇದ್ದರೂ ಅದರ ಒಂದು ಬೇರು ಗೀಸೆನ್ನಿನಲ್ಲಿದೆ.

ಲೀಬಿಗ್ ಹೆಸರಿನ ಕಂಡೆನ್ಸರನ್ನು ಪಿಯುಸಿಯಲ್ಲಿ ನೋಡಿರುತ್ತೀರಿ. ಅದನ್ನು ಕಂಡುಹಿಡಿದದ್ದು ಲೀಬಿಗ್ ಅಲ್ಲ. ಅಂಥ ಉಪಕರಣ 1771ರಲ್ಲೇ ಇತ್ತು, ಇವರು ಬಳಸಿ ಜನಪ್ರಿಯಗೊಳಿಸಿದರು. ಬೀರುವಿನ ಸಾಮಾನುಗಳ ಹೆಸರು ನಂಬಿ ಚರಿತ್ರೆ ಬರೆಯುವಂತಿಲ್ಲ. ಶಂಕುವಿನಾಕಾರದ ಫ್ಲಾಸ್ಕಿನ ಹೆಸರು ಮಾತ್ರ ಸರಿಯಾದವರಿಗೇ ಸಂದಿದೆ. 1860ರಲ್ಲಿ ಎಮಿಲ್ ಎರ್ಲೆನ್‌ಮೇಯರ್ ಅದನ್ನು ವಿವರಿಸಿದರು. ಅಗಲ ತಳ, ಕಿರಿದಾದ ಕುತ್ತಿಗೆ. ಕೈಯಲ್ಲಿ ಹಿಡಿದು ಗಿರಗಿರನೆ ಅಲುಗಿಸಿದರೂ ದ್ರಾವಣ ಚೆಲ್ಲುವುದಿಲ್ಲ. ಆಕಾರವೇ ಅಲುಗಿಸುವುದಕ್ಕೆಂದು ಹುಟ್ಟಿದ್ದು. ನಾನು ಕಂಡ ಬೀರುವಿನಲ್ಲಿ ಅದರ ಮೇಲೆ ಧೂಳು ಕೂತಿತ್ತು.

ಬಿಸಿಗೆ ಸೀಳುವ ಕಷ್ಟಕ್ಕೆ ಪರಿಹಾರ ತಂದವರು ಜರ್ಮನಿಯದೇ ಯೇನಾ ಊರಿನ ಒಟ್ಟೊ ಶಾಟ್. ಮರಳಿನ ಜೊತೆ ಬೋರಾನಿನ ಆಕ್ಸೈಡ್ ಸೇರಿಸಿದರೆ ಗಾಜು ಬಿಸಿಗೆ ಹೆಚ್ಚು ಹಿಗ್ಗುವುದಿಲ್ಲ, ಹಾಗಾಗಿ ಥಟ್ಟನೆ ಒಡೆಯುವುದಿಲ್ಲ ಎಂದು ಹತ್ತೊಂಬತ್ತನೇ ಶತಮಾನದ ಕೊನೆಗೆ ಅವರು ತೋರಿಸಿದರು. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಇಂಥದೇ ಗಾಜನ್ನು ಪೈರೆಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ನಮ್ಮಲ್ಲಿ 1962ರಲ್ಲಿ ಬೊರೊಸಿಲ್ ಶುರುವಾಯಿತು. ಇವತ್ತು ಅದೇ ಗಾಜಿನ ಬಟ್ಟಲುಗಳು ಪೇಟೆಯ ಮನೆಗಳ ಮೈಕ್ರೊವೇವಿನಲ್ಲಿ ದಿನಕ್ಕೆರಡು ಸಲ ಬಿಸಿಯಾಗುತ್ತವೆ.

ಉರಿ

ನಾನು ನೋಡಿದ ಶಾಲೆಯಲ್ಲಿ ಬುನ್ಸೆನ್ ಬರ್ನರ್ ಇರಲಿಲ್ಲ, ಚಿತ್ರಪಟದಲ್ಲಿತ್ತು. ಅನಿಲದ ಕೊಳಾಯಿ ಇಲ್ಲದ ಕಡೆ ಅದನ್ನು ತಂದಿಟ್ಟು ಪ್ರಯೋಜನವೂ ಇಲ್ಲ.

1850ರ ದಶಕದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರಕ್ಕೆ ಬೀದಿ ದೀಪಕ್ಕೆಂದು ಕಲ್ಲಿದ್ದಲಿನ ಅನಿಲ ಬಂತು. ಅಲ್ಲಿನ ವಿಶ್ವವಿದ್ಯಾಲಯದ ಹೊಸ ಪ್ರಯೋಗಾಲಯಕ್ಕೂ ಕೊಳವೆ ಎಳೆದರು. ಆ ಅನಿಲ ಹಳದಿಯಾಗಿ ಉರಿದು ಮಸಿ ಕಾರುತ್ತಿತ್ತು. ಬೆಳಕಿಗೆ ಪರವಾಗಿಲ್ಲ, ಪ್ರಯೋಗಕ್ಕೆ ಆಗದು. ಪ್ರೊಫೆಸರ್ ರಾಬರ್ಟ್ ಬುನ್ಸೆನ್ ಮನಸ್ಸಿನಲ್ಲಿದ್ದ ಉಪಾಯ ಇದು: ಅನಿಲ ಉರಿಯುವ ಮೊದಲೇ ಬುಡದಲ್ಲಿ ಗಾಳಿ ಬೆರೆಸಬೇಕು. ಅದನ್ನು ಕಬ್ಬಿಣ ಹಿತ್ತಾಳೆಯಲ್ಲಿ ನಿಜ ಮಾಡಿದವರು ವಿಶ್ವವಿದ್ಯಾಲಯದ ಯಂತ್ರ ಕುಶಲಕರ್ಮಿ ಪೀಟರ್ ದೆಸಾಗ. 1855ಕ್ಕೆ ಬರ್ನರ್ ತಯಾರು. ಇದಕ್ಕೂ ಮುಂಚೆ ಫ್ಯಾರಡೆ ಇಂಥದೊಂದು ಒಲೆಯನ್ನು ವಿವರಿಸಿದ್ದರು. ಬುನ್ಸೆನ್ ಇದರ ಮೇಲೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ನಿಮ್ಮ ಮನೆಯ ಗ್ಯಾಸ್ ಒಲೆಯ ಕೆಳಗೆ ಬಗ್ಗಿ ನೋಡಿ. ಬರ್ನರಿಗೆ ಹೋಗುವ ಕೊಳವೆಯ ಬಾಯಲ್ಲಿ ಗಾಳಿಗೆ ತೂತು ಬಿಟ್ಟಿರುತ್ತಾರೆ. ಉಪಾಯ ಅದೇ. ಗಾಳಿ ಸರಿಯಾಗಿ ಬೆರೆತರೆ ನೀಲಿ ಉರಿ. ತೂತು ಕಟ್ಟಿಕೊಂಡರೆ ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದೆ. "ಗ್ಯಾಸು ಮಸಿ ಹಿಡೀತಿದೆ, ಬರ್ನರ್ ತೊಳೀಬೇಕು" ಎಂದು ನಮ್ಮ ಮನೆಗಳಲ್ಲಿ ಹೇಳುವ ಹೆಂಗಸರಿಗೆ ಬುನ್ಸೆನ್ನರ ಸಮಸ್ಯೆ ಪೂರ್ತಿ ಗೊತ್ತು. ಅದನ್ನು ಪಾಠದ ಹತ್ತಿರ ತಂದು ಕೂರಿಸಿದವರು ಕಡಿಮೆ.

ಆ ಉರಿಗೆ ತನ್ನದೇ ಬಣ್ಣ ಹೆಚ್ಚಿಲ್ಲದ್ದರಿಂದ ಅದರಲ್ಲಿ ಹಿಡಿದ ವಸ್ತುವಿನ ಬಣ್ಣ ಎದ್ದು ಕಾಣುತ್ತದೆ. ಅಡುಗೆ ಉಪ್ಪು ಹಳದಿ ಬೀರುತ್ತದೆ. ಆ ಬೆಳಕನ್ನು ಪಟ್ಟಕದ ಮೂಲಕ ಒಡೆದು ನೋಡುತ್ತಾ ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳನ್ನು ಕಂಡುಹಿಡಿದರು. ಬುನ್ಸೆನ್ ಅದಕ್ಕೂ ಮೊದಲೇ ಒಂದು ಸ್ಫೋಟದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದರು. ಮಕ್ಕಳ ಕೈಗೆ ಸಾಮಾನು ಕೊಡಿ ಎನ್ನುವಾಗ ಇದನ್ನೂ ಹೇಳಬೇಕು. ಅಪಾಯ ಸುಳ್ಳಲ್ಲ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಬ್ಬ ಮೇಷ್ಟ್ರು ಬೇಕು.

ಬಣ್ಣ ಬದಲಿಸುವ ಕಾಗದ, ಅಡುಗೆ ಮನೆಯ ತಟ್ಟೆ

ಲಿಟ್ಮಸ್ ಕಾಗದ ಕಲ್ಲುಹೂವಿನ ಜಾತಿಯ ಜೀವಿಗಳಿಂದ ತೆಗೆದ ಬಣ್ಣ. ಆಮ್ಲದಲ್ಲಿ ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ. 1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಬಣ್ಣಗಳ ಮೇಲೆ ಬರೆದ ಪುಸ್ತಕದಲ್ಲಿ ನೇರಳೆ ಬಣ್ಣದ ವಯೊಲೆಟ್ ಹೂವಿನ ರಸಕ್ಕೆ ಹುಳಿ ಹಾಕಿದರೆ ಕೆಂಪಾಗುತ್ತದೆ, ಕ್ಷಾರ ಹಾಕಿದರೆ ಹಸಿರಾಗುತ್ತದೆ ಎಂದು ದಾಖಲಿಸಿ, ಇದನ್ನೇ ಒಂದು ಪರೀಕ್ಷೆಯಾಗಿ ಬಳಸಿದರು. ಆ ಹೂವಿನ ರಸ ಆಗ ಔಷಧಿ ಅಂಗಡಿಯಲ್ಲಿ ಸಿಗುತ್ತಿದ್ದ ಪದಾರ್ಥ.

ನಮ್ಮಲ್ಲಿ ಮದುವೆಗೆ, ಬಾಣಂತಿ ಮನೆಗೆ ಬಂದಾಗ, ಆರತಿ ಮಾಡಲು ಕೆಂಪು ನೀರು ಕಲಸುತ್ತಾರಲ್ಲ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಹಳದಿ ಹೋಗಿ ಕೆಂಪು. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬಾಯ್ಲ್ ಮಾಡಿದ್ದು ಬಹುಮಟ್ಟಿಗೆ ಇದೇ. ಅವರು ಒಂದು ಹೆಜ್ಜೆ ಮುಂದೆ ಹೋಗಿ, ಯಾವ್ಯಾವುದು ಕೆಂಪು ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಪಟ್ಟಿ ಮಾಡಿದರು. ಆ ಪಟ್ಟಿಯೇ ವಿಜ್ಞಾನ. ಅರಿಶಿನದ ನೀರು ನಮ್ಮ ಮಕ್ಕಳಿಗೆ ಗೊತ್ತಿದೆ, ಲಿಟ್ಮಸ್ಸಿನ ವ್ಯಾಖ್ಯೆ ಬಾಯಿಪಾಠವಿದೆ. ಎರಡೂ ಒಂದೇ ಎಂದು ಹೇಳುವವರು ಸಿಕ್ಕಿಲ್ಲ.

ಪೆಟ್ರಿ ತಟ್ಟೆಯ ಕಥೆಯೂ ಅಡುಗೆ ಮನೆಗೇ ಹೋಗಿ ನಿಲ್ಲುತ್ತದೆ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜಿಲಾಟಿನ್ ಬಳಸುತ್ತಿದ್ದರು. ಸೆಕೆಗೆ ಅದು ಕರಗಿ ನೀರಾಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಹಾಕುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಬಗೆಹರಿಯದ ತಲೆನೋವು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಜೆಲ್ಲಿ ಮಾಡುವಾಗ ಕಡಲ ಪಾಚಿಯಿಂದ ತೆಗೆದ ಅಗರ್ ಹಾಕುತ್ತಿದ್ದರು. ಜಾವಾದಲ್ಲಿ ಇದ್ದು ಬಂದ ಪರಿಚಯದವರಿಂದ ಕಲಿತದ್ದು. ಬೇಸಿಗೆಯಲ್ಲೂ ಅದು ಕರಗುತ್ತಿರಲಿಲ್ಲ. 1881ರ ಸುಮಾರಿಗೆ ಅವರ ಸಲಹೆಯಂತೆ ಅಗರ್ ಪ್ರಯೋಗಾಲಯಕ್ಕೆ ಬಂತು. 1882ರಲ್ಲಿ ಕಾಕ್ ಕ್ಷಯರೋಗದ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಅಗರ್ ಪ್ರಸ್ತಾಪವಿದೆ, ಹೆಸ್ಸೆ ದಂಪತಿಯ ಹೆಸರಿಲ್ಲ. 1887ರಲ್ಲಿ ಅದೇ ಪ್ರಯೋಗಾಲಯದ ಜೂಲಿಯಸ್ ರಿಚರ್ಡ್ ಪೆಟ್ರಿ ಮುಚ್ಚಳದ ಚಪ್ಪಟೆ ತಟ್ಟೆಯನ್ನು ವಿವರಿಸಿದರು. ತಟ್ಟೆಗೆ ಹೆಸರು ಉಳಿಯಿತು. ತಟ್ಟೆಯೊಳಗಿನದನ್ನು ಕೊಟ್ಟವರ ಹೆಸರು ಪಠ್ಯದಲ್ಲಿ ಕಾಣುವುದೇ ಅಪರೂಪ.

ಕೆಳಗಿನ ಹಲಗೆ: ಮಾದರಿಗಳು

ಇನ್ನು ಮಾದರಿಗಳು. ಕಣ್ಣಿಗೆ ಕಾಣದ್ದನ್ನು, ಕೈಗೆ ನಿಲುಕದ್ದನ್ನು ಮುಟ್ಟಿ ನೋಡುವಂತೆ ಮಾಡುವ ಸಾಮಾನು.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಮ್ಯಾಂಚೆಸ್ಟರಿನಲ್ಲಿ ಮೇಷ್ಟ್ರಾಗಿ ಬದುಕಿದವರು. 1810ರ ಸುಮಾರಿಗೆ ಅವರ ಗೆಳೆಯ, ಎಂಜಿನಿಯರ್ ಪೀಟರ್ ಯೂವರ್ಟ್ ಅವರಿಗೆ ಮರದ ಗುಂಡುಗಳನ್ನು ಮಾಡಿಕೊಟ್ಟರು. ಪರಮಾಣುಗಳು ಹೇಗೆ ಕೂಡುತ್ತವೆ ಎಂದು ಡಾಲ್ಟನ್ ಅವುಗಳಿಂದ ಪಾಠ ಹೇಳುತ್ತಿದ್ದರು. 1865ರ ಏಪ್ರಿಲ್ 7ರಂದು ಲಂಡನ್ನಿನಲ್ಲಿ ಆಗಸ್ಟ್ ಹಾಫ್‌ಮನ್ ಉಪನ್ಯಾಸ ಕೊಟ್ಟಾಗ ಮೇಜಿನ ಮೇಲೆ ಇದ್ದದ್ದು ಕ್ರೋಕೆ ಆಟದ ಚೆಂಡುಗಳು. ಆಗ ಇಂಗ್ಲೆಂಡಿನ ಶ್ರೀಮಂತರ ಮನೆಯಂಗಳದಲ್ಲಿ ಆ ಆಟದ ಹುಚ್ಚು. ಚೆಂಡಿಗೆ ಕಡ್ಡಿ ಸಿಕ್ಕಿಸಿ ಅಣು ಕಟ್ಟಿ ತೋರಿಸಿದರು. ಇಂಗಾಲ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು. ನೂರೈವತ್ತು ವರ್ಷ ದಾಟಿದರೂ ನಮ್ಮ ಬೀರುವಿನ ಪ್ಲಾಸ್ಟಿಕ್ ಗುಂಡುಗಳ ಬಣ್ಣ ಹೆಚ್ಚುಕಡಿಮೆ ಅದೇ.

ಒಮ್ಮೆ ಒಂದು ಶಾಲೆಯಲ್ಲಿ ಹುಡುಗನೊಬ್ಬ ನನ್ನನ್ನೇ ಕೇಳಿದ: "ಸಾರ್, ಆಕ್ಸಿಜನ್ ಕೆಂಪಗಿದ್ರೆ ಗಾಳಿ ಯಾಕೆ ಕೆಂಪಗೆ ಕಾಣಲ್ಲ?" ಸುತ್ತಲಿದ್ದವರು ನಕ್ಕರು. ನಗುವಂಥ ಪ್ರಶ್ನೆಯಲ್ಲ ಅದು. ಮಾದರಿ ಎಂದರೆ ನಿಜದ ಫೋಟೊ ಅಲ್ಲ, ಒಂದು ವಿಷಯ ತಿಳಿಸಲು ಬೇರೆ ಹತ್ತು ವಿಷಯಗಳಲ್ಲಿ ಸುಳ್ಳು ಹೇಳುವ ಉಪಾಯ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಾಫ್‌ಮನ್ನರ ಮಾದರಿಯಲ್ಲೂ ಅಂಥ ಸುಳ್ಳಿತ್ತು. ಅವರ ಇಂಗಾಲದ ನಾಲ್ಕು ಕಡ್ಡಿಗಳು ಒಂದೇ ಸಮತಲದಲ್ಲಿ ಚಪ್ಪಟೆಯಾಗಿದ್ದವು. 1874ರಲ್ಲಿ ಹಾಲೆಂಡಿನ ಯುವಕ ವಾಂಟ್ ಹಾಫ್ ಆ ನಾಲ್ಕು ಕೈಗಳು ನಾಲ್ಕು ಮುಖದ ಗೋಪುರದ ಮೂಲೆಗಳತ್ತ ಚಾಚಿರುತ್ತವೆ ಎಂದರು. ನಂಬಿಸಲು ಅವರು ಮಾಡಿದ್ದು ರಟ್ಟಿನ ಸಣ್ಣ ಮಾದರಿಗಳನ್ನು ಮಡಚಿ ಬೇರೆ ವಿಜ್ಞಾನಿಗಳಿಗೆ ಕಳಿಸಿದ್ದು. ಕೋಲ್ಬೆ ಎಂಬ ಹಿರಿಯ ರಸಾಯನ ಶಾಸ್ತ್ರಜ್ಞ, ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡುವ ಈ ಹುಡುಗನ ಕಲ್ಪನೆ ನೋಡಿ ಎಂದು ಬಹಿರಂಗವಾಗಿ ಹಂಗಿಸಿದರು. 1901ರಲ್ಲಿ ರಸಾಯನಶಾಸ್ತ್ರಕ್ಕೆ ಮೊಟ್ಟಮೊದಲ ನೊಬೆಲ್ ಸಿಕ್ಕಿದ್ದು ಅದೇ ಹುಡುಗನಿಗೆ.

ನಮ್ಮ ನೆಲದ ಉದಾಹರಣೆ ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಕಲಿತವರು. 1954ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಪ್ರಕಟಿಸಿದರು. ನಮ್ಮ ಚರ್ಮ, ಮೂಳೆ, ಸ್ನಾಯುಬಂಧ ಹಿಡಿದಿಡುವ ಪ್ರೋಟೀನು ಅದು. ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿವೆ ಎಂಬುದು ಅವರು ಕಂಡದ್ದು. ಎಕ್ಸ್-ರೇ ಚಿತ್ರಗಳ ಜೊತೆ ಗುಂಡು ಕಡ್ಡಿಗಳ ಮಾದರಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಮಾಡಿದ ಕೆಲಸ. ಅಣುವಿನಲ್ಲಿ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂದು ಹುಡುಕುತ್ತಾ ಹೋಗಿ 1963ರಲ್ಲಿ ಸಂಗಡಿಗರೊಂದಿಗೆ ಕೊಟ್ಟ ನಕ್ಷೆಯನ್ನು ಜಗತ್ತಿನಾದ್ಯಂತ ರಾಮಚಂದ್ರನ್ ನಕ್ಷೆ ಎಂದೇ ಕರೆಯುತ್ತಾರೆ. ಮುಂದೆ ಬೆಂಗಳೂರಿಗೆ ಮರಳಿ ಅಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು. ಅವರು ಹಿಡಿದ ಸಾಮಾನಿನ ಸೋದರರೇ ನಮ್ಮ ಬೀರುವಿನಲ್ಲಿರುವ ಗುಂಡು ಕಡ್ಡಿಗಳು.

ಸೌರಮಂಡಲದ ಮಾದರಿಯ ಸುಳ್ಳು ಇನ್ನೂ ದೊಡ್ಡದು. ಎಲ್ಲ ಗ್ರಹಗಳನ್ನೂ ಒಂದು ಮೇಜಿನ ಮೇಲೆ ಕೂರಿಸಿದ ತಂತಿಯ ಮಾದರಿ ನೋಡಿರುತ್ತೀರಿ. ಲೆಕ್ಕ ಹಾಕೋಣ. ಸೂರ್ಯ 22 ಸೆಂ.ಮೀ. ಅಗಲದ ಫುಟ್‌ಬಾಲ್ ಎಂದಿಟ್ಟುಕೊಂಡರೆ ಭೂಮಿ 2 ಮಿ.ಮೀ. ಬರುತ್ತದೆ, ದಪ್ಪನೆಯ ಒಂದು ರಾಗಿ ಕಾಳು. ಅದನ್ನು ಇಡಬೇಕಾದ್ದು ಸುಮಾರು 24 ಮೀಟರ್ ದೂರ. ನೆಪ್ಚೂನ್ 700 ಮೀಟರ್ ಆಚೆ. ಶಾಲೆಯ ಗೇಟು ದಾಟಿ, ಊರಿನ ಬಸ್‌ಸ್ಟ್ಯಾಂಡು ದಾಟಿ ಹೋಗಬೇಕು. ಒಂದು ಚೆಂಡು, ಒಂದು ಹಿಡಿ ರಾಗಿ, ಒಂದು ಉದ್ದ ದಾರ ಇದ್ದರೆ ಇದಕ್ಕೆ ಬೀರು ಬೇಕಿಲ್ಲ.

ಅಸ್ಥಿಪಂಜರದ ಬಗ್ಗೆಯೂ ಹೇಳಲೇಬೇಕು. ಇವತ್ತು ಶಾಲೆಗಳಲ್ಲಿ ಇರುವುದು ಪ್ಲಾಸ್ಟಿಕ್ಕಿನದು. ಹೆಣಗಳು ಬೇಗ ಕೊಳೆಯುತ್ತವೆ, ಸಾಕಷ್ಟು ಸಿಗುವುದೂ ಇಲ್ಲ ಎಂದು ಫ್ರಾನ್ಸಿನ ವೈದ್ಯ ಲೂಯಿ ಓಝೂ 1820ರ ದಶಕದಲ್ಲೇ ಕಾಗದದ ಅರೆತದಿಂದ ಬಿಚ್ಚಿ ಜೋಡಿಸಬಹುದಾದ ದೇಹದ ಮಾದರಿ ಮಾಡಿ, ತನ್ನ ಹಳ್ಳಿಯಲ್ಲೇ ಕಾರ್ಖಾನೆ ಹಾಕಿದ್ದರು. ಆದರೂ ವೈದ್ಯಕೀಯ ಶಾಲೆಗಳಿಗೆ ನಿಜವಾದ ಮೂಳೆಯೇ ಬೇಕಿತ್ತು. ಇಪ್ಪತ್ತನೇ ಶತಮಾನದ ಬಹುಕಾಲ ಜಗತ್ತಿನ ಅನೇಕ ವೈದ್ಯಕೀಯ ಶಾಲೆಗಳ ತರಗತಿಯಲ್ಲಿ ತೂಗುತ್ತಿದ್ದ ಅಸ್ಥಿಪಂಜರಗಳು ಹೋಗಿದ್ದು ಭಾರತದಿಂದ, ಮುಖ್ಯವಾಗಿ ಕೋಲ್ಕತ್ತದ ವ್ಯಾಪಾರಿಗಳ ಮೂಲಕ. ಅವು ಬಡವರ, ಕೇಳುವವರಿಲ್ಲದವರ ದೇಹಗಳು. 1985ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಷೇಧಿಸಿತು. ಕಲಿಕೆಯ ಸಾಮಾನು ಎಲ್ಲಿಂದ ಬಂತು, ಯಾರ ಒಪ್ಪಿಗೆಯಿಂದ ಬಂತು ಎಂಬ ಪ್ರಶ್ನೆಯೂ ವಿಜ್ಞಾನದ ಪಾಠವೇ.

ನಮ್ಮ ಶಾಲೆಗೆ ಬಂದ ದಾರಿ

ಭಾರತದಲ್ಲಿ ಆರಂಭದ ವಿಜ್ಞಾನಿಗಳಿಗೆ ಬೀರುವೇ ಇರಲಿಲ್ಲ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ ಒಬ್ಬ ತಗಡು ಕೆಲಸದವನನ್ನು ಕೂರಿಸಿಕೊಂಡು ತಮ್ಮ ರೇಡಿಯೊ ತರಂಗದ ಉಪಕರಣಗಳನ್ನು ಮಾಡಿಸಿದರು. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ, ಮದ್ದಿಗೆ ಬೆಂಕಿ ಹೊತ್ತಿಸಿ ತೋರಿಸಿದರು. 1928ರ ಫೆಬ್ರವರಿ 28ರಂದು ಅದೇ ನಗರದಲ್ಲಿ ರಾಮನ್ ತಮ್ಮ ಪರಿಣಾಮವನ್ನು ಕಂಡ ಉಪಕರಣದ ಬೆಲೆ ಸುಮಾರು 200 ರೂಪಾಯಿ ಎಂಬ ಮಾತು ಪ್ರಚಲಿತದಲ್ಲಿದೆ. ನಾವು ಟೇಪು ಕತ್ತರಿಸಿ ಆಚರಿಸುವುದು ಆ ದಿನವನ್ನೇ.

ಕನ್ನಡದಲ್ಲಿ ಈ ವಿಷಯಗಳನ್ನು ಹೇಳಬೇಕೆಂದು ಹೊರಟವರೂ ಇದ್ದರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷ ನಡೆಯಿತು. ಬೆಳ್ಳಾವೆಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಸಾಮಾನಿಗೆ ನಮ್ಮ ಮಾತಿನಲ್ಲಿ ಹೆಸರಿಡದೆ ಅದು ನಮ್ಮ ಕೈಗೆ ಬರುವುದಿಲ್ಲ ಎಂದು ಗೊತ್ತಿದ್ದವರು.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ಅನೇಕ ಶಾಲೆಗಳು ನೆಲಸಮವಾಗಿದ್ದವು. ಅಂಥ ದೇಶಗಳ ವಿಜ್ಞಾನ ಶಿಕ್ಷಕರಿಗಾಗಿ 1948ರಲ್ಲಿ ಯುನೆಸ್ಕೊ ಒಂದು ಕೈಪಿಡಿ ತಂದಿತು: ಡಬ್ಬ, ಬಾಟಲಿ, ತಂತಿಗಳಿಂದ ಪ್ರಯೋಗ ಮಾಡುವುದು ಹೇಗೆ? ಅದೇ ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ಆಕರ ಪುಸ್ತಕವಾಯಿತು, ಹಲವು ಭಾಷೆಗಳಿಗೆ ಹೋಯಿತು.

ನಮ್ಮ ದೇಶದ ದೊಡ್ಡ ಪ್ರಯತ್ನ ನಡೆದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. 1972ರಲ್ಲಿ ಅನಿಲ್ ಸದ್ಗೋಪಾಲ್ ಅವರ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಹೊಸ ಬಗೆಯ ವಿಜ್ಞಾನ ಪಾಠ ಶುರು ಮಾಡಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಅದನ್ನು ನೋಡಿಕೊಳ್ಳಲು ಏಕಲವ್ಯ ಸಂಸ್ಥೆ ಹುಟ್ಟಿತು. ನಾಲ್ಕು ನಾಲ್ಕು ಮಕ್ಕಳ ಗುಂಪು, ಪ್ರತಿ ಗುಂಪಿಗೂ ಸಾಮಾನು, ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಬಹುದು, ಪ್ರಯೋಗದ ಪರೀಕ್ಷೆಯೂ ಉಂಟು. ಟೆಲ್ಕೊ ಕಂಪನಿಯಿಂದ ರಜೆ ಹಾಕಿ ಅಲ್ಲಿಗೆ ಹೋದ ಎಂಜಿನಿಯರ್ ಅರವಿಂದ ಗುಪ್ತಾ ವಾರದ ಸಂತೆಯಲ್ಲಿ ಸಿಗುವ ಸೈಕಲ್ ವಾಲ್ವ್ ಟ್ಯೂಬು ಮತ್ತು ಬೆಂಕಿಕಡ್ಡಿ ಜೋಡಿಸಿ ತ್ರಿಕೋನ, ಘನ, ಅಣುವಿನ ಆಕಾರಗಳನ್ನು ಕಟ್ಟುವುದನ್ನು ಕಂಡುಕೊಂಡರು. ಹಾಫ್‌ಮನ್ನರ ಕ್ರೋಕೆ ಚೆಂಡಿನ ಜಾಗಕ್ಕೆ ಸೈಕಲ್ ಅಂಗಡಿಯ ಟ್ಯೂಬು ಬಂತು.

ಹೋಶಂಗಾಬಾದ್ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಒಂದು ಸಣ್ಣ ಆಡಳಿತದ ಸಂಗತಿ. ಕಿಟ್ಟಿನ ಸಾಮಾನು ಒಡೆಯುತ್ತದೆ, ಮುಗಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅದನ್ನು ಮತ್ತೆ ತುಂಬಿಸುವ ಏರ್ಪಾಡನ್ನು ಯೋಜನೆಯೊಳಗೇ ಇಟ್ಟಿದ್ದರು. ಮೇಷ್ಟ್ರು ಹೆದರಬೇಕಿರಲಿಲ್ಲ. 2002ರಲ್ಲಿ ರಾಜ್ಯ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು.

ಈ ನಡುವೆ 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಶಿಕ್ಷಕರ ಜೊತೆಗೆ ವಿಜ್ಞಾನದ ಕಿಟ್ಟೂ ಬಂತು. ನಮ್ಮ ಓರಗೆಯ ಎಷ್ಟೋ ಜನರಿಗೆ ಆ ಪೆಟ್ಟಿಗೆಯ ನೆನಪಿದೆ. ಹೆಡ್‌ಮಾಸ್ಟರ ಕುರ್ಚಿಯ ಹಿಂದೆ ಇರುತ್ತಿತ್ತು. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬುಗಳು ಬಂದಿವೆ, ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ತ್ರೀಡಿ ಪ್ರಿಂಟರು. ದುಡ್ಡು ಹೆಚ್ಚಾಗಿದೆ, ಒಳ್ಳೆಯದೇ. ಸ್ಟಾಕ್ ಬುಕ್ ಮಾತ್ರ ಅದೇ ಇದೆ. ಸಾಮಾನಿನ ಬೆಲೆ ಹೆಚ್ಚಿದಷ್ಟೂ ಬೀಗದ ಗಾತ್ರವೂ ಹೆಚ್ಚಬಹುದು ಎಂಬುದು ನನ್ನ ಅಳುಕು.

ಎಷ್ಟು ಒಡೆದವು?

ಇಷ್ಟೆಲ್ಲ ಓದಿದ ಮೇಲೆ ಆ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಕಮ್ಮಾರನ ಮಗ ಬರೆದ ಪುಸ್ತಕದ ಕಥೆ, ಹೋಶಂಗಾಬಾದಿನ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. "ನೀವು ಬರೆಯೋದು ಸುಲಭ ಸಾರ್, ಆಡಿಟ್ ಬಂದಾಗ ಉತ್ತರ ಕೊಡೋನು ನಾನು" ಎಂದರು. ಅವರ ಮಾತೂ ನ್ಯಾಯವೇ.

ಕೆಲವು ತಿಂಗಳ ನಂತರ ಅವರೇ ಫೋನ್ ಮಾಡಿದರು. ಒಂಬತ್ತನೇ ತರಗತಿಗೆ ಬೀರು ತೆರೆದಿದ್ದಾರಂತೆ. ಮೊದಲು ಅರಿಶಿನ, ಸುಣ್ಣ, ದಾಸವಾಳದ ರಸ. ಎರಡು ಪ್ರನಾಳ ಒಡೆದವು. ತಾಲ್ಲೂಕು ಕೇಂದ್ರಕ್ಕೆ ಹೋದಾಗ ತಾವೇ ತಂದು ಇಟ್ಟರು. "ಎರಡಕ್ಕೂ ಸೇರಿ ಹೋಟೆಲಿನ ಒಂದು ಊಟದ ದುಡ್ಡೂ ಆಗ್ಲಿಲ್ಲ ಸಾರ್. ಇಷ್ಟಕ್ಕೆ ಮೂರು ವರ್ಷ ಬೀಗ ಹಾಕಿದ್ನಲ್ಲ."

ಅದು ಅವರು ತಮ್ಮ ಜೇಬಿನಿಂದ ಕೊಟ್ಟದ್ದು. ಕೊಡಬೇಕಾಗಿರಲಿಲ್ಲ. ಪ್ರನಾಳವನ್ನು ಕುರ್ಚಿ ಮೇಜಿನ ಜೊತೆ ಸೇರಿಸದೆ, ಸೀಮೆಸುಣ್ಣದ ಜೊತೆ ಸೇರಿಸಿ ಲೆಕ್ಕ ಇಟ್ಟರೆ ಸಾಕು. ಸೀಮೆಸುಣ್ಣ ಸವೆದದ್ದಕ್ಕೆ ಯಾವ ಮೇಷ್ಟ್ರಿಂದಲೂ ವಿವರಣೆ ಕೇಳುವುದಿಲ್ಲ.

ಈ ಬ್ಲಾಗನ್ನು ಓದುವವರಲ್ಲಿ ನನ್ನಂತೆ ಊರೂರು ತಿರುಗಿ ಸುದ್ದಿ ಮಾಡುವವರು ಬಹಳ ಮಂದಿ ಇದ್ದೀರಿ. ಮುಂದಿನ ಫೆಬ್ರವರಿ 28ಕ್ಕೆ ಶಾಲೆಗೆ ಹೋದಾಗ ಲ್ಯಾಬಿಗೆ ಎಷ್ಟು ಖರ್ಚಾಯಿತು, ಉದ್ಘಾಟನೆ ಮಾಡಿದವರು ಯಾರು ಎಂದು ಬರೆದುಕೊಂಡ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಈ ವರ್ಷ ಎಷ್ಟು ಒಡೆದವು? ಉತ್ತರ "ಒಂದೂ ಇಲ್ಲ" ಎಂದು ಬಂದರೆ ನಿಮಗೆ 150 ಪದಕ್ಕಿಂತ ದೊಡ್ಡ ಸುದ್ದಿ ಸಿಕ್ಕಿದೆ.